ನಾನು ಮುಳುಗಿಸಿದ ಊರು

ನವನಗರ, ಬಾಗಲಕೋಟೆ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೂರು ಪ್ರಶ್ನೆ ಕೇಳುತ್ತಾರೆ. ಥಂಡಿ ಭಾಳ ಇತ್ತೇನ್ರಿ, ರೊಟ್ಟಿ ಸಿಕ್ಕಿತೇನ್ರಿ, ವಿಮಾನದಾಗ ಅಂಜಿಕಿ ಬಂತೇನ್ರಿ. ಇತ್ತು, ಸಿಗಲಿಲ್ಲ, ಬಂತು. ಇಷ್ಟು ಹೇಳಿದರೆ ಮುಗಿಯಿತು, ಉಳಿದದ್ದು ಯಾರಿಗೂ ಬೇಡ. ಆದರೆ ನೆದರ್‌ಲ್ಯಾಂಡ್ಸಿನಲ್ಲಿ ಕಳೆದ ಆ ವಾರದಲ್ಲಿ ನಾಲ್ಕು ದಿನ ನನಗೆ ತುತ್ತು ಇಳಿಯಲಿಲ್ಲ, ಐದನೆಯ ದಿನ ಎರಡು ಸಲ ಬಡಿಸಿಕೊಂಡು ಉಂಡೆ. ಯಾಕೆಂದು ಯಾರೂ ಕೇಳದಿದ್ದರೂ ಹೇಳಿಯೇ ತೀರುತ್ತೇನೆ.

ನಾನು ಹುನಗುಂದದ ಒಂದು ಕಾಲೇಜಿನ ಗ್ರಂಥಪಾಲಕಿ. ದಿನಾ ನವನಗರದಿಂದ ಬಸ್ಸು ಹತ್ತಿ, ಅಮೀನಗಡ ದಾಟಿ, ಹುನಗುಂದಕ್ಕೆ ಹೋಗಿ ಬರುವವಳು. ಆ ಬಸ್ಸಿನಲ್ಲಿ ಕೂತೇ ಕೆಲವು ವರ್ಷಗಳಿಂದ ಇನ್ನೊಂದು ಕೆಲಸ ಮಾಡುತ್ತಿದ್ದೇನೆ. ಆ ದೇಶದ ಝ್ವೋಲೆ ಎಂಬ ಊರಿನ ಒಂದು ಸಂಶೋಧನಾ ತಂಡದವರು ಒಂದು ಯಂತ್ರ ಕಟ್ಟಿದ್ದಾರೆ. ಅದು ಹಗಲೂ ರಾತ್ರಿ ಇಂಟರ್‌ನೆಟ್ಟಿನ ಪುಟಗಳನ್ನು ಓದುತ್ತಲೇ ಇರುತ್ತದೆ. ಓದಿದ್ದರಿಂದ ಒಂದು ಸಂಗತಿ ಕಲಿಯುತ್ತದೆ, ಆ ಸಂಗತಿಯ ಆಧಾರದ ಮೇಲೆ ಮುಂದಿನ ಪುಟಗಳನ್ನು ಅರ್ಥ ಮಾಡಿಕೊಳ್ಳುತ್ತದೆ. ಕಲಿಕೆಗೆ ಕೊನೆಯೆಂಬುದಿಲ್ಲ. ಸಂದೇಹ ಬಂದಾಗ ಮಾತ್ರ ಮನುಷ್ಯರ ಫೋನಿಗೆ ಪ್ರಶ್ನೆ ಕಳಿಸುತ್ತದೆ. ಕೆಳಗೆ ಎರಡು ಗುಂಡಿ, ‘ಹೌದು’ ಮತ್ತು ‘ಅಲ್ಲ’. ಇಬ್ಬರು ಬೇರೆ ಬೇರೆಯಾಗಿ ‘ಹೌದು’ ಒತ್ತಿದರೆ ಯಂತ್ರಕ್ಕೆ ಅದು ಕಲ್ಲಿನ ಮೇಲೆ ಕೆತ್ತಿದ ಮಾತು.

ಕನ್ನಡಕ್ಕೆ ಆ ಇಬ್ಬರು ನಾನು ಮತ್ತು ರಜಾಕ್ ಸರ್. ಸರ್ ನಿವೃತ್ತ ಹೈಸ್ಕೂಲ್ ಮಾಸ್ತರರು. ಈಗ ಇಳಕಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೂಲತಃ ನಮ್ಮ ಹಳೇ ಬಾಗಲಕೋಟೆಯವರು, ನಮ್ಮ ಪಕ್ಕದ ಓಣಿ. ಆ ಎರಡೂ ಓಣಿ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಹೋಗಿ ಬಹಳ ವರ್ಷವಾಯಿತು.

ಯಂತ್ರ ಓದುವ ಭಾಷೆಗಳು ಹೆಚ್ಚಾಗಿ, ನೋಡಿಕೊಳ್ಳುವ ಕೈಗಳು ಕಡಿಮೆಯಾಗಿದ್ದವು. ಕೆಲವು ಭಾಷೆಗಳನ್ನು ನಿಲ್ಲಿಸುವುದು, ಅದಕ್ಕೂ ಮೊದಲು ಪ್ರತಿ ಭಾಷೆಯಿಂದ ಒಬ್ಬರನ್ನು ಕರೆಸಿ ಒಂದು ವಾರ ಪರೀಕ್ಷೆ ಮಾಡುವುದು, ಶುಕ್ರವಾರ ತೀರ್ಮಾನ ಎಂದು ಪತ್ರ ಬಂತು. ಸರ್‌ಗೆ ಮೊಣಕಾಲು ನೋವು, ಹೀಗಾಗಿ ನಾನು ಹೊರಟೆ. ಅಮೀನಗಡದಲ್ಲಿ ಇಳಿದು ಒಂದು ಡಬ್ಬಿ ಕರದಂಟು ಕಟ್ಟಿಸಿಕೊಂಡು ಅವರು ಬಾಗಲಕೋಟೆ ಸ್ಟೇಷನ್ನಿಗೆ ಬಂದಿದ್ದರು.

"ಬಾಯಾರ, ಹೆಂಗರೆ ಮಾಡಿ ಕನ್ನಡ ಉಳಿಸಿಕೊಂಡ ಬರ್ರಿ," ಎಂದರು. "ಮುಂಜಾನೆ ಎದ್ದು ಚಾ ಕುಡದು ಅದರ ಪ್ರಶ್ನಿ ನೋಡೂದ ನನ್ನ ಸಾಲಿ ಆಗೇತಿ ಈಗ. ಅದೂ ಬಂದ್ ಆತಂದ್ರ ನಾ ಏನ ಮಾಡ್ಲಿ?"

"ಉಳಿಸಿಕೊಂಡ ಬರ್ತೇನಿ ಸರ," ಎಂದೆ. ಬಹಳ ಜಂಬದಿಂದ ಹೇಳಿದೆನೆಂದು ಈಗ ಅನಿಸುತ್ತದೆ.

ರೈಲು, ಭಾನುವಾರ

ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದಾಗ ಕರದಂಟಿನ ಡಬ್ಬಿಯನ್ನು ಒಬ್ಬ ಅಧಿಕಾರಿ ತೆರೆಸಿದ. ಬೆಲ್ಲ, ಅಂಟು, ಗೋಡಂಬಿ, ಒಣ ಕೊಬ್ಬರಿ ಎಂದು ನನ್ನ ಗ್ರಂಥಾಲಯದ ಇಂಗ್ಲಿಷಿನಲ್ಲಿ ವಿವರಿಸಿದೆ. ‘ಅಂಟು’ ಅನ್ನುವುದಕ್ಕೆ ಫೋಟೋ ಅಂಟಿಸುವ ಗೋಂದಿನ ಶಬ್ದವೇ ಬಾಯಿಗೆ ಬಂತು. ಆತ ಒಮ್ಮೆ ಡಬ್ಬಿ ನೋಡಿದ, ಒಮ್ಮೆ ನನ್ನ ಹಲ್ಲು ನೋಡಿದ, ಹೋಗಿ ಎಂದ.

ಅಲ್ಲಿಂದ ಝ್ವೋಲೆಗೆ ರೈಲು. ಕಿಟಕಿಯ ಹೊರಗೆ ಸಪಾಟು ನೆಲ, ಗೆರೆ ಎಳೆದಂತೆ ಕಾಲುವೆ, ದಪ್ಪ ದಪ್ಪ ಹಸುಗಳು. ಒಂದು ಗುಡ್ಡವಿಲ್ಲ, ಒಂದು ಬಂಡೆಯಿಲ್ಲ. ಬಾದಾಮಿಯ ಕೆಂಪು ಕಲ್ಲು ನೋಡಿ ಬೆಳೆದ ಕಣ್ಣಿಗೆ ಊರಿಗೆ ಗೋಡೆಯೇ ಇಲ್ಲವೇನೋ ಅನಿಸಿತು. ಎದುರಿಗೆ ಕೂತಿದ್ದ ಹೆಂಗಸು, ನಾವೀಗ ಹೋಗುತ್ತಿರುವುದು ಸಮುದ್ರದ ತಳದ ಮೇಲೆ ಎಂದರು. ತಮಾಷೆ ಇರಬೇಕೆಂದು ನಕ್ಕೆ. ತಮಾಷೆಯಲ್ಲ. ಅಲ್ಲಿ ಮೊದಲು ನೀರಿತ್ತು, ಒಡ್ಡು ಕಟ್ಟಿ, ನೀರು ಎತ್ತಿ ಹಾಕಿ, ನೆಲ ಮಾಡಿಕೊಂಡರಂತೆ. ನಮ್ಮಲ್ಲಿ ಒಡ್ಡು ಕಟ್ಟಿದರೆ ಊರು ನೀರಾಗುತ್ತದೆ, ಇವರಲ್ಲಿ ನೀರು ಊರಾಗುತ್ತದೆ. ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಸ್ಟೇಷನ್ನಿಗೆ ತಂಡದ ಮುಖ್ಯಸ್ಥೆ ಆನೆಕೆ ಬಂದಿದ್ದರು. ಅರವತ್ತು ದಾಟಿದ, ಎತ್ತರದ, ಕೂದಲಿಗೆ ಬಣ್ಣ ಹಚ್ಚದ ಹೆಂಗಸು. ನನ್ನನ್ನು ಕರೆದೊಯ್ಯಲು ಎರಡು ಸೈಕಲ್ಲು ತಂದಿದ್ದರು, ಒಂದು ಅವರಿಗೆ, ಒಂದು ನನಗೆ. ನಾನು ಇಳಕಲ್ ಸೀರೆಯ ಸೆರಗು ಸುತ್ತಿಕೊಂಡು ನಿಂತೆ. ಅವರು ಸೀರೆ ನೋಡಿದರು, ಸೈಕಲ್ಲು ನೋಡಿದರು, ಒಂದನ್ನು ಅಲ್ಲೇ ಬೀಗ ಹಾಕಿ ನಿಲ್ಲಿಸಿ ಇನ್ನೊಂದರ ಮೇಲೆ ನನ್ನ ಪೆಟ್ಟಿಗೆ ಇಟ್ಟು ತಳ್ಳಿಕೊಂಡು ನಡೆದರು. ದಾರಿಯಲ್ಲಿ ಕೆಂಪು ಪಟ್ಟಿಯೊಂದು ಚೆಂದ ಕಂಡಿತೆಂದು ಅದರ ಮೇಲೆ ನಡೆದೆ. ಅದು ಸೈಕಲ್ಲಿನವರ ದಾರಿ. ಹಿಂದಿನಿಂದ ಹತ್ತು ಸೈಕಲ್ಲುಗಳ ಗಂಟೆ ಒಟ್ಟಿಗೆ ಮೊಳಗಿದವು.

ಸೋಮವಾರ

ಆನೆಕೆ ಮಾತಾಡುವುದು ಇಂಗ್ಲಿಷ್. ಅವರ ಮಾತನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಮೊದಲ ದಿನ ಅವರು ಒಂದು ಕೋಣೆಯಲ್ಲಿ ದೊಡ್ಡ ಪರದೆ ಹಾಕಿ, "ನಿಮ್ಮ ಭಾಷೆಯಲ್ಲಿ ಯಂತ್ರ ಏನು ಕಲಿತಿದೆ, ನೀವೇ ತೆಗೆದು ನೋಡಿ. ನಮ್ಮಲ್ಲಿ ಯಾರಿಗೂ ಓದಲು ಬಾರದು," ಎಂದರು.

ತವರಿನ ಹೆಸರನ್ನೇ ಮೊದಲು ಟೈಪ್ ಮಾಡಿದೆ. ಯಾರಾದರೂ ಅದನ್ನೇ ಮಾಡುತ್ತಾರೆ. ಪರದೆಯ ಮೇಲೆ ಬಂತು:

ಬಾಗಲಕೋಟೆ. ಈಗ ಇಲ್ಲದ ಊರು. ಮುಳುಗಡೆಯಾಗಿದೆ. ಜನರು: ಇಲ್ಲ. ಬಸ್ ನಿಲ್ದಾಣ: ಇತ್ತು. ಆಸ್ಪತ್ರೆಗಳು: ಇದ್ದವು.

ಕಣ್ಣು ಒರೆಸಿಕೊಂಡು ಮತ್ತೆ ಓದಿದೆ. ಕೆಳಗೆ ಆ ಊರಿಗೆ ಸೇರಿದವರ ಪಟ್ಟಿಯಿತ್ತು. ಕಾಲೇಜಿನ ಪುಟದಿಂದ ನನ್ನ ಹೆಸರನ್ನೂ ಎತ್ತಿಕೊಂಡಿತ್ತು. ಶಾಂತಾ, ಗ್ರಂಥಪಾಲಕಿ, ವಾಸ ಬಾಗಲಕೋಟೆ, ಸದ್ಯ ಬದುಕಿಲ್ಲ. ಅದರ ಲೆಕ್ಕ ಸರಿಯಾಗಿಯೇ ಇತ್ತು. ಊರು ಇಲ್ಲ, ಆದ್ದರಿಂದ ಊರಲ್ಲಿ ವಾಸ ಮಾಡುವವರು ಹಿಂದಿನ ಕಾಲದವರು, ಆದ್ದರಿಂದ ಸತ್ತವರು. ಮಗ್ಗಕ್ಕೆ ಒಂದು ತಪ್ಪು ದಾರದಿಂದ ಹಾಸು ಹಚ್ಚಿದರೆ ಸೀರೆಯುದ್ದಕ್ಕೂ ಅದೇ ಓಡುವುದಿಲ್ಲವೇ, ಹಾಗೆ ಓಡಿತ್ತು.

ಮೊದಲ ದಾರವನ್ನು ಹುಡುಕಿದೆ. ‘ಬಾಗಲಕೋಟೆ ಮುಳುಗಿದ ಊರು.’ ಒಪ್ಪಿಗೆ ಕೊಟ್ಟವರು ಇಬ್ಬರು. ಒಂದು ನನ್ನ ಹೆಸರು, ಇನ್ನೊಂದು ರಜಾಕ್ ಸರ್ ಹೆಸರು.

ಆಗ ನೆನಪಾಯಿತು. ಮೂರು ವಾರಕ್ಕೂ ಹಿಂದೆ ಅಮೀನಗಡದ ಹತ್ತಿರ ಬಸ್ಸು ನಿಂತಾಗ ಬಂದ ಪ್ರಶ್ನೆ ಅದು. ಹಿಂದೆಮುಂದೆ ನೋಡದೆ ‘ಹೌದು’ ಒತ್ತಿದ್ದೆ. ನಮ್ಮ ಊರಿನವರನ್ನು ಯಾರನ್ನೇ ಕೇಳಿ, ಯಾವ ಊರೆಂದರೆ "ನಮ್ಮದು ಮುಳುಗಡೆ ಊರರೀ" ಅನ್ನುತ್ತಾರೆ. ಊರಿನಲ್ಲೇ ಇದ್ದು, ಊರಿನ ಸಂತೆಗೆ ಹೋಗಿ, ಊರಿನ ನಲ್ಲಿಗೆ ಜಗಳಾಡಿ, ಊರು ಮುಳುಗಿತು ಅನ್ನುತ್ತೇವೆ. ಮುಳುಗಿದ್ದು ಕೆಳಗಿನ ಭಾಗ. ಮೇಲಿನ ಓಣಿಗಳು ಇವೆ, ವಿದ್ಯಾಗಿರಿ ಇದೆ, ನವನಗರ ಇದೆ. ಆದರೆ ಅದನ್ನು ಹೇಳುವ ಅಭ್ಯಾಸವೇ ನಮಗಿಲ್ಲ. ತಪ್ಪಾಗಬಾರದೆಂದು ಇಬ್ಬರನ್ನು ಇಟ್ಟಿದ್ದರು. ಇಬ್ಬರೂ ಮುಳುಗಿದ ಓಣಿಯವರೇ ಆಗಿರುತ್ತಾರೆಂದು ಅವರಿಗೇನು ಗೊತ್ತು?

ಆನೆಕೆ ಹಿಂದೆ ಬಂದು, "ಹೇಗಿದೆ?" ಎಂದು ಕೇಳಿದರು.

"ಚೆನ್ನಾಗಿದೆ," ಎಂದೆ. ಪರದೆ ಬದಲಿಸಿ ಪಟ್ಟದಕಲ್ಲು ತೆಗೆದೆ. ಅದು ಸರಿಯಾಗಿತ್ತು, ಮಲಪ್ರಭೆಯ ದಂಡೆಯ ಮೇಲೆ ದೇವಾಲಯಗಳ ಸಮೇತ ಇದ್ದಲ್ಲಿಯೇ ಇತ್ತು.

ಸಂಜೆ ಇಳಕಲ್ಲಿಗೆ ಫೋನು ಮಾಡಿದೆ.

"ಹಂಗಾರ ನಾನೂ ಸತ್ತೇನೇನ್ರಿ ಬಾಯಾರ?" ಎಂದರು ರಜಾಕ್ ಸರ್.

"ಸತ್ತೀರಿ ಸರ. ಪಟ್ಟಿಯೊಳಗ ನನಕಿಂತ ಮ್ಯಾಲ ಅದೀರಿ."

"ಹಿರೇತನಕ್ಕ ಮರ್ಯಾದಿ ಕೊಟ್ಟೈತಿ ಬಿಡ್ರಿ." ಆಮೇಲೆ, "ಹೇಳೀರೇನು ಅವರಿಗೆ?" ಎಂದರು.

"ಇಲ್ಲ. ಹೇಳಿದ್ರ ಇವರಿಗೆ ಇಷ್ಟೂ ತಿಳಿಯೂದಿಲ್ಲ ಅಂತ ಕನ್ನಡ ನಿಲ್ಲಸ್ತಾರ."

"ಹೇಳಲಿಲ್ಲಂದ್ರ? ನಿಲ್ಲಿಸಿದ್ರಂದ್ರ ಅದು ಅಲ್ಲಿಗೇ ನಿಲ್ತೈತಿ. ನಾವು ಸತ್ತದ್ದ ಕಾಯಂ."

ಸರ್ ಹೇಳಿದ್ದು ಖರೆಯೇ. ಓದುವುದು ನಿಂತರೆ ಯಂತ್ರದ ಕೊನೆಯ ಮಾತು ಅದೇ. ಅದರ ಬರಹವನ್ನು ನಾಳೆ ಎಷ್ಟು ಜನ, ಎಷ್ಟು ಯಂತ್ರಗಳು ಆಧಾರ ಮಾಡಿಕೊಳ್ಳುತ್ತವೋ ಯಾರಿಗೆ ಗೊತ್ತು. ಹೇಳಿದರೆ ಕನ್ನಡ ಹೋಗುತ್ತದೆ, ಹೇಳದಿದ್ದರೆ ಊರು ಹೋಗುತ್ತದೆ. ಅಲ್ಲಿಂದಲೇ ನನಗೆ ಊಟ ಸೇರದಾಯಿತು.

ಮಂಗಳವಾರ, ಬುಧವಾರ

ಊಟ ಸೇರದಿದ್ದದ್ದಕ್ಕೆ ಅವರ ಅಡುಗೆಯೂ ಸ್ವಲ್ಪ ಕಾರಣ ಎನ್ನಿ. ಮಧ್ಯಾಹ್ನದ ಊಟವೆಂದರೆ ಎರಡು ತುಂಡು ಬ್ರೆಡ್ಡು, ನಡುವೆ ಚೀಸು, ಮೇಲೆ ಒಂದು ಲೋಟ ಹಾಲು. ದೊಡ್ಡ ದೊಡ್ಡ ವಿದ್ವಾಂಸರು ಅದನ್ನೇ ನಿಂತುಕೊಂಡು ತಿಂದು ಮತ್ತೆ ಕೆಲಸಕ್ಕೆ ಕೂರುತ್ತಾರೆ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಡುತ್ತಾರೆ. ಒಂದೇ. ಕೊಟ್ಟ ಕೂಡಲೇ ಡಬ್ಬಿಯ ಮುಚ್ಚಳ ಮುಚ್ಚುತ್ತಾರೆ. ನಮ್ಮಲ್ಲಿ ಹಾಗೆ ಮುಚ್ಚಿದರೆ ಸಂಬಂಧವೇ ಮುರಿದುಹೋದೀತು. ನಾನು ಕರದಂಟು ತೆಗೆದು ಮೇಜಿನ ಮೇಲಿಟ್ಟು, ತೊಗೊಳ್ಳಿ ತೊಗೊಳ್ಳಿ ಎಂದೆ. ಅವರು ಒಂದು ತುಂಡನ್ನು ನಾಲ್ಕು ಮಾಡಿ ಹಂಚಿಕೊಂಡು, ಬಹಳ ಚೆನ್ನಾಗಿದೆ ಎಂದು ಹೊಗಳಿ, ನನ್ನ ಡಬ್ಬಿಯ ಮುಚ್ಚಳವನ್ನೂ ಮುಚ್ಚಿದರು.

ನಾನು ಉಳಿದುಕೊಂಡಿದ್ದ ಆನೆಕೆಯ ಮನೆಯ ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಕಡಿದು, ನಾನು ಕೂತುಕೊಂಡು ಇಳಿಯುತ್ತಿದ್ದೆ. ಕಿಟಕಿಗೆ ಪರದೆ ಎಳೆಯುವುದಿಲ್ಲ, ರಸ್ತೆಯಲ್ಲಿ ಹೋಗುವವರಿಗೆ ನಾವು ಏನು ಉಣ್ಣುತ್ತಿದ್ದೇವೆಂದು ಕಾಣುತ್ತದೆ. ಪಾಯಖಾನೆಯ ಗೋಡೆಗೆ ನೆಂಟರಿಷ್ಟರ ಹುಟ್ಟಿದ ದಿನಗಳ ಕ್ಯಾಲೆಂಡರ್ ತೂಗುಹಾಕಿದ್ದರು. ಅಲ್ಲೇ ಯಾಕೆ ಎಂದು ಕೇಳಿದೆ. "ದಿನಾ ತಪ್ಪದೆ ಹೋಗುವ ಜಾಗ, ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲ," ಎಂದರು. ಇಂಥ ಮಂದಿ ಅವರು. ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಲ್ಲ. ಅಂಥವರ ಮನೆಯಲ್ಲಿ ಉಂಡು, ಚೆನ್ನಾಗಿದೆ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತಿದ್ದ ನನಗೆ ನನ್ನ ಮುಖ ಕನ್ನಡಿಯಲ್ಲಿ ನೋಡಲು ನಾಚಿಕೆಯಾಗುತ್ತಿತ್ತು.

ಗುರುವಾರ, ಸ್ಕೋಕ್‌ಲಾಂಡ್

ಗುರುವಾರ ಮಧ್ಯಾಹ್ನ ಆನೆಕೆ ಕಾರಿನಲ್ಲಿ ಒಂದು ಜಾಗ ತೋರಿಸಲು ಕರೆದೊಯ್ದರು. ಸುತ್ತ ಹೊಲ. ನಡುವೆ ಸ್ವಲ್ಪ ಎತ್ತರದ ನೆಲ, ಅದರ ಮೇಲೆ ಒಂದು ಹಳೆಯ ಚರ್ಚು, ಕೆಲವು ಮರದ ಮನೆ, ದಂಡೆಗೆ ಹುಗಿದ ಮರದ ಗೂಟಗಳ ಸಾಲು. ಇದು ಒಂದು ದ್ವೀಪವಾಗಿತ್ತಂತೆ. ಸಮುದ್ರ ದಂಡೆಯನ್ನು ತಿನ್ನುತ್ತ ಬಂದದ್ದರಿಂದ, ಇನ್ನು ಇಲ್ಲಿ ಇರಬೇಡಿ ಎಂದು ಸರಕಾರ ಜನರನ್ನು ಎಬ್ಬಿಸಿ ಕಳಿಸಿತಂತೆ. ಎಷ್ಟೋ ಕಾಲದ ಮೇಲೆ ನೀರನ್ನೇ ತೆಗೆದುಹಾಕಿದರು. ಈಗ ಅಲೆ ಬಡಿಯುತ್ತಿದ್ದಲ್ಲಿ ಉಳ್ಳಾಗಡ್ಡಿ ಬೆಳೆಯುತ್ತಾರೆ. ನಾನು ಇಳಿದು ಹೋಗಿ ಮುಟ್ಟಿ ನೋಡಿದೆ, ನಮ್ಮ ಉಳ್ಳಾಗಡ್ಡಿಯೇ.

"ಎದ್ದು ಹೋದವರ ಮೊಮ್ಮಕ್ಕಳ ಮಕ್ಕಳು ಈಗಲೂ ಆಗಾಗ ಸೇರುತ್ತಾರೆ," ಎಂದರು ಆನೆಕೆ. "ಅವರಲ್ಲಿ ಒಬ್ಬರೂ ಇಲ್ಲಿ ಹುಟ್ಟಿದವರಲ್ಲ. ಆದರೂ ತಾವು ಈ ದ್ವೀಪದವರು ಅನ್ನುತ್ತಾರೆ."

 ಆ ಗೂಟಗಳ ಪಕ್ಕದಲ್ಲಿ ನಿಂತೇ ಎಲ್ಲ ಹೇಳಿಬಿಟ್ಟೆ. ಬಸ್ಸು, ಪ್ರಶ್ನೆ, ನನ್ನ ‘ಹೌದು’, ಸರ್ ಅವರ ‘ಹೌದು’, ಪಟ್ಟಿಯಲ್ಲಿ ಸತ್ತುಹೋದ ನಾವು.

ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ. "ಸೋಮವಾರವೇ ಯಾಕೆ ಹೇಳಲಿಲ್ಲ?"

"ಹೆದರಿದೆ."

"ಈಗ ನಾಳೆ ಎಲ್ಲರ ಮುಂದೆ ಹೇಳಬೇಕು. ನಿಮ್ಮ ಪರವಾಗಿ ನಾನು ಹೇಳುವುದಿಲ್ಲ. ಏನು ತೀರ್ಮಾನ ಆಗುತ್ತದೆ ಎಂದೂ ಹೇಳಲಾರೆ."

ಎದೆಗೆ ಚುಚ್ಚಿತು. ಆದರೂ ವಾಪಸು ಬರುವಾಗ ಕಾರಿನಲ್ಲಿ ನಿದ್ದೆ ಹೋದೆ. ನಾಲ್ಕು ದಿನದಲ್ಲಿ ಮೊದಲ ಸಲ ಗಾಢವಾಗಿ ಬಂದ ನಿದ್ದೆ ಅದು.

ಶುಕ್ರವಾರ

ಹತ್ತು ಹನ್ನೆರಡು ಜನ ಸುತ್ತ ಕೂತಿದ್ದರು. ಎದ್ದು ನಿಂತು ಹೇಳಿದೆ.  

ಮೂಲೆಯಲ್ಲಿದ್ದ ಗಡ್ಡದವರೊಬ್ಬರು ಬಾಯಿ ತೆರೆದರು. "ಮನುಷ್ಯರು ತಪ್ಪುತ್ತಾರೆ, ಅದು ಹೊಸತಲ್ಲ. ನನ್ನ ಪ್ರಶ್ನೆ ಬೇರೆ. ಯಂತ್ರ ದಿನಾ ಆ ಊರಿನ ಸುದ್ದಿ ಓದುತ್ತಿದೆಯಲ್ಲ? ಕಲಿತದ್ದಕ್ಕೂ ಓದಿದ್ದಕ್ಕೂ ತಾಳೆಯಾಗದಿದ್ದರೆ ಅದು ಕೇಳಬೇಕಿತ್ತು. ಕೇಳದೆ ಸುಮ್ಮನಿದ್ದರೆ ಕನ್ನಡದಲ್ಲಿ ಅದು ಕಲಿಯುತ್ತಿಲ್ಲ, ಗಿಳಿಪಾಠ ಒಪ್ಪಿಸುತ್ತಿದೆ. ಆಗ ನಿಲ್ಲಿಸುವುದೇ ಸರಿ."

ಆನೆಕೆ ನನ್ನ ಕಡೆ ತಿರುಗಿದರು. "ಪ್ರಶ್ನೆ ಬಂದಿತ್ತೇ?"

ನನಗೆ ಗೊತ್ತಿರಲಿಲ್ಲ. ಪಾಸ್‌ಪೋರ್ಟು, ವೀಸಾ ಎಂದು ಮೂರು ವಾರದಿಂದ ನಾನು ಪ್ರಶ್ನೆಗಳ ಪೆಟ್ಟಿಗೆಯನ್ನೇ ತೆರೆದಿರಲಿಲ್ಲ. ತಕರಾರಿನ ಪ್ರಶ್ನೆಗಳು ಮೊದಲು ‘ಹೌದು’ ಅಂದವರಿಗೆ ಮಾತ್ರ ಬರುತ್ತವೆ, ನಾನು ಉತ್ತರಿಸಿದ ಮೇಲೆಯೇ ಸರ್‌ಗೆ ಹೋಗುತ್ತವೆ. ಎಲ್ಲರ ಮುಂದೆ ಫೋನು ತೆಗೆದೆ. ಪೆಟ್ಟಿಗೆ ತುಂಬಿ ತುಳುಕುತ್ತಿತ್ತು. ಎಲ್ಲವೂ ಬಾಗಲಕೋಟೆಯವು.

ಒಂದೊಂದಾಗಿ ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ.

ಬಾಗಲಕೋಟೆಯಿಂದ ಬಾದಾಮಿಗೆ ಹೆಚ್ಚಿನ ಬಸ್ಸು ಬಿಟ್ಟಿದ್ದಾರೆ. ಇಲ್ಲದ ಊರಿನಿಂದ ಬಸ್ಸು ಹೊರಡುತ್ತದೆಯೇ?

ಬಾಗಲಕೋಟೆಯ ವಧು, ಇಳಕಲ್ಲಿನ ವರ, ಮದುವೆ ಮುಂದಿನ ತಿಂಗಳು. ವಧು ಬದುಕಿದ್ದಾಳೆಯೇ?

ಬಾಗಲಕೋಟೆಯ ಒಬ್ಬರು ದ್ವಿಚಕ್ರ ವಾಹನದ ಕೀಲಿ ಕಳೆದುಕೊಂಡಿದ್ದಾರೆ, ಸಿಕ್ಕವರು ತಂದುಕೊಡಬೇಕೆಂದು ಕೇಳಿದ್ದಾರೆ. ಸಿಗುವವರು ಯಾರು?

ಬಾಗಲಕೋಟೆಯಲ್ಲಿ ಎಂಟು ದಿನದಿಂದ ನೀರು ಬಂದಿಲ್ಲ, ಜನ ಕೊಡ ಹಿಡಿದು ರಸ್ತೆಯಲ್ಲಿ ಕುಳಿತಿದ್ದಾರೆ. ಮುಳುಗಿದ ಊರಿನಲ್ಲಿ ನೀರಿಲ್ಲವೇ?

ಇಲ್ಲಿಗೆ ಬಂದಾಗ ಗಡ್ಡದವರು ಮೊದಲು ನಕ್ಕರು, ಆಮೇಲೆ ಕೋಣೆಯೆಲ್ಲ ನಕ್ಕಿತು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ನಾವಿಬ್ಬರು ಊರನ್ನು ಮುಳುಗಿಸಿ ಮರೆತಿದ್ದೆವು. ಅದೊಂದು ಯಂತ್ರ ಮೂರು ವಾರದಿಂದ ಆ ಊರಿನ ಬಸ್ಸು, ಲಗ್ನ, ಕೀಲಿ, ಕೊಡಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಇವರೆಲ್ಲ ಇದ್ದಾರಲ್ಲ ಎಂದು ಕೇಳುತ್ತ ನಿಂತಿತ್ತು.

"ಇಷ್ಟು ಕೇಳುವುದನ್ನು ಯಾಕೆ ನಿಲ್ಲಿಸುವುದು?" ಎಂದರು ಗಡ್ಡದವರು. ಆನೆಕೆ ತಲೆಯಾಡಿಸಿ ತಮ್ಮ ಕಾಗದದಲ್ಲಿ ಏನೋ ಗೆರೆ ಹಾಕಿದರು. ಕನ್ನಡ ಉಳಿಯಿತು. ಎರಡು ಷರತ್ತು ಹಾಕಿದರು. ಇನ್ನು ಮುಂದೆ ಇಬ್ಬರೂ ಒಂದೇ ಊರಿನವರಾಗಿದ್ದರೆ ಆ ಊರಿನ ಪ್ರಶ್ನೆಗೆ ಮೂರನೆಯವರೊಬ್ಬರು ಬೇಕು, ಮತ್ತು ‘ಹೌದು’, ‘ಅಲ್ಲ’ಗಳ ಕೆಳಗೆ ಎರಡು ಸಾಲು ಬರೆಯಲು ಜಾಗ ಕೊಡಬೇಕು. ನನಗೆ ಬೈಯುವುದಿದ್ದರೆ ಇನ್ನಷ್ಟು ಬೈಯಿರಿ, ಊಟ ಎಲ್ಲಿ ಎಂದು ಕೇಳುವಷ್ಟು ಹಗುರಾಗಿದ್ದೆ. ಅಂದು ಅದೇ ಬ್ರೆಡ್ಡು, ಅದೇ ಚೀಸನ್ನು ಎರಡು ಸಲ ಹಾಕಿಸಿಕೊಂಡೆ.

ಊಟವಾದ ಮೇಲೆ ಹೊಸ ಪ್ರಶ್ನೆ ಬಂತು. ಬಾಗಲಕೋಟೆ ಈಗ ಇಲ್ಲದ ಊರು. ಹೌದೇ, ಅಲ್ಲವೇ? ನಾನು ‘ಅಲ್ಲ’ ಒತ್ತಿದೆ. ಅದರ ಬೆನ್ನಿಗೆ ಅದೇ ಪ್ರಶ್ನೆ ಇಳಕಲ್ಲಿಗೆ ಹೋಯಿತು, ಮೂರನೆಯವರು ಸಿಕ್ಕ ಮೇಲೆ ಅವರಿಗೂ ಹೋಗುವುದಿತ್ತು. ಸರ್‌ಗೆ ಫೋನು ಹಚ್ಚಿದೆ. ಕನ್ನಡ ಉಳಿದದ್ದನ್ನು ಹೇಳಿದೆ, ಯಂತ್ರ ಕೇಳಿದ್ದನ್ನೂ ಹೇಳಿದೆ. ನೀರಿನ ಕೊಡದ ಪ್ರಶ್ನೆಗೆ ಅವರೂ ನಕ್ಕರು.

"ಸರ, ಕೆಳಗ ಎರಡ ಸಾಲು ಬರೀಬೇಕಂತ. ಏನಂತ ಬರೀಲಿ?"

"ಕೆಳಗಿನ ಓಣಿ ನೀರಾಗ ಹೋದುವು ಅಂತ ಬರೀರಿ, ಅದನ್ನ ಬಿಡಬ್ಯಾಡ್ರಿ. ನಿಮ್ಮ ಓಣಿ ಹೆಸರು ಬರೀರಿ, ನಮ್ಮ ಓಣಿ ಹೆಸರೂ ಬರೀರಿ. ಮಂದಿ ಮ್ಯಾಲ ಹತ್ತಿ ಬಂದ್ರು, ಇನ್ನೂ ಅದಾರ ಅಂತ ಬರೀರಿ."

ಹಾಗೆಯೇ ಬರೆದೆ. "ಈಗ ನೀವೂ ಒತ್ರಿ ಸರ," ಎಂದೆ.

 ಲೈನು ಹೋಯಿತೇನೋ ಎಂದು ಪರದೆ ನೋಡಿದೆ, ಹೋಗಿರಲಿಲ್ಲ.

"ಸರ, ಒತ್ತಿದ್ರೇನ್ರಿ?"

"ಒತ್ತಿದೆ." ಧ್ವನಿ ಸಣ್ಣಗಾಗಿತ್ತು. "ಇಷ್ಟ ವರ್ಷ ಯಾರ ಕೇಳಿದ್ರೂ ನಮ್ಮೂರ ಮುಳಗಿ ಹೋತ್ರಿ ಅಂತನ ಹೇಳಕೋತ ಬಂದೇನಿ ಬಾಯಾರ. ಅಲ್ಲ ಅಂತ ಇವತ್ತ ಮೊದಲನೇ ಸಲ ಹೇಳಿದೆ."

ಅಂದಿನವರೆಗೆ ನಾನೂ ಹೇಳಿರಲಿಲ್ಲ. ಆಮೇಲೆ ಬಹಳ ಹೊತ್ತು ಇಬ್ಬರೂ ಫೋನು ಇಡಲಿಲ್ಲ.